ಎರಡನ್ನು ನುಂಗಿದ ರೋಮನ್ನರು

ಬೆಳಿಗ್ಗೆ ಎದ್ದು ಹಾಲನ್ನು ಒಲೆಯ ಮೇಲಿಟ್ಟು, ಅದು ಉಕ್ಕುವುದರೊಳಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿಯುವುದು ನನ್ನ ದಿನದ ಮೊದಲ ಕೆಲಸ. ದಿನಕ್ಕೊಂದು ಹಾಳೆಯ ಈ ದಪ್ಪ ಕ್ಯಾಲೆಂಡರನ್ನು ಮೈಸೂರಿನಲ್ಲಿರುವ ನನ್ನ ಅಕ್ಕ ಪ್ರತಿ ವರ್ಷ ಯಾರದಾದರೂ ಸೂಟ್‌ಕೇಸಿಗೆ ತುರುಕಿ ಕಳಿಸುತ್ತಾಳೆ. ಅದರೊಳಗಿನ ತಿಥಿ, ನಕ್ಷತ್ರ, ರಾಹುಕಾಲಗಳೆಲ್ಲ ಮೈಸೂರಿನವು. ಸಮುದ್ರದಾಚೆ ಕ್ಯಾಂಪ್‌ಬೆಲ್ಲಿನ ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಅವು ಅರ್ಧ ದಿನ ಹಳಸಿರುತ್ತವೆ. ಆದರೂ ಹರಿಯುತ್ತೇನೆ. ಹರಿದ ಹಾಳೆಯ ಬೆನ್ನಿಗೆ ಗ್ರೋಸರಿ ಪಟ್ಟಿ ಬರೆಯುತ್ತೇನೆ. "ಫೋನಿನಲ್ಲಿ ತಾರೀಖು ಇದೆಯಲ್ಲ" ಎಂದು ನನ್ನ ಗಂಡ ಹೇಳುವುದುಂಟು. ಫೋನಿನಲ್ಲಿ ಹೆಂಡತಿಯ ಹುಟ್ಟುಹಬ್ಬವೂ ಇದೆ, ಏನು ಪ್ರಯೋಜನವಾಯಿತು?

ಅಕ್ಟೋಬರಿನ ಆ ಶುಕ್ರವಾರವೂ ಹಾಳೆ ಹರಿದೆ, ಕಾಫಿ ಸೋಸಿದೆ, ಉಪ್ಪಿಟ್ಟಿಗೆ ರವೆ ಹುರಿದೆ. ಇವರು ಸ್ಯಾನ್ ಮಟಿಯೋದ ಆಫೀಸಿಗೆ ಹೊರಟು, ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಮೀಟಿಂಗಿನಲ್ಲಿ ಮಾತಾಡುತ್ತಿದ್ದರು. ಹನ್ನೆರಡು ವರ್ಷದ ಮಗಳು ಅನಘಾ, ಕಪ್ಪು ಕಸದ ಚೀಲದಲ್ಲಿ ಸುತ್ತಿದ ಒಂದು ದೊಡ್ಡ ರಟ್ಟನ್ನು ಮದುಮಗಳನ್ನು ನಡೆಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಾರಿನತ್ತ ನಡೆಸಿಕೊಂಡು ಹೋಗುತ್ತಿದ್ದಳು.

"ಅಮ್ಮ, ಡೋಂಟ್ ಟಚ್ ಇಟ್, ಓಕೆ? ನಾನೇ ಇಡ್ತೀನಿ."

"ನಾನ್ಯಾಕೆ ಮುಟ್ಟಲಿ?" ಎಂದೆ. ಹಿಂದಿನ ದಿನ ಸಂಜೆಯೇ ಮುಟ್ಟಿ ಮುಗಿಸಿದ್ದೆನಾದ್ದರಿಂದ ಈ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಬೆಳಗಿನ ಹೊತ್ತಿನಲ್ಲಿ ಮುಟ್ಟಲಿಲ್ಲ.

ಆ ರಟ್ಟಿನ ವಿಷಯ ಹೇಳಬೇಕು. ಮೂರು ಮಡಿಕೆಯ ಬಿಳಿ ಬೋರ್ಡು ಅದು. ಈ ದೇಶದ ಮಕ್ಕಳು ಜ್ವಾಲಾಮುಖಿಯಾಗಲಿ ತಿಮಿಂಗಿಲವಾಗಲಿ ಅಂತರ್ಯುದ್ಧವಾಗಲಿ, ಎಲ್ಲವನ್ನೂ ಇದೇ ಮೂರು ಮಡಿಕೆಯಲ್ಲಿ ಮುಗಿಸುತ್ತಾರೆ. ಪ್ರಪಂಚದಲ್ಲಿ ನಾಲ್ಕು ಮಡಿಕೆ ಬೇಡುವ ವಿಷಯ ಇನ್ನೂ ಹುಟ್ಟಿಲ್ಲವೆಂದು ಇಲ್ಲಿಯವರ ನಂಬಿಕೆ. ಅನಘಾಳ ತರಗತಿಗೆ ಈ ಸಲ ಪ್ರಾಚೀನ ರೋಮ್. ಒಬ್ಬನಿಗೆ ರಸ್ತೆ, ಒಬ್ಬಳಿಗೆ ಸ್ನಾನಗೃಹ, ಒಬ್ಬನಿಗೆ ಸಿಂಹದ ಜತೆ ಕುಸ್ತಿ. ಎಲ್ಲರೂ ಬಾಚಿಕೊಂಡ ಮೇಲೆ ಉಳಿದದ್ದು, ರೋಮನ್ನರು ತಿಂಗಳ ದಿನಗಳಿಗೆ ಏನೆಂದು ಹೆಸರಿಡುತ್ತಿದ್ದರು ಎಂಬುದು. ಅನಘಾ ಅದನ್ನೇ ಕೇಳಿ ತೆಗೆದುಕೊಂಡಳಂತೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ, ತಾನಾಗಿ ಕೈಯೆತ್ತಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಎರಡು ವಾರ ಊಟದ ಮೇಜಿನ ಮೇಲೆ ರೋಮ್ ಹರಡಿಕೊಂಡಿತ್ತು. ನಾವು ಅದರ ಅಂಚಿನಲ್ಲಿ ತಟ್ಟೆಯಿಟ್ಟುಕೊಂಡು ಉಂಡೆವು. ಸಂಜೆ ನಾನು ತರಕಾರಿ ಹೆಚ್ಚುವಾಗ ಅವಳು ಅಡುಗೆಕಟ್ಟೆಗೆ ಒರಗಿ ನಿಂತು, ಅಂದು ಬರೆದದ್ದನ್ನು ನನಗೆ ಓದಿ ಹೇಳುವಳು. ಮುಟ್ಟಬಾರದು, ತಿದ್ದಬಾರದು, ಕೇಳಬೇಕು, ಇಷ್ಟೇ ಷರತ್ತು. ಹನ್ನೆರಡು ವರ್ಷದವಳು ತಾನಾಗಿ ಬಂದು ಅಮ್ಮನಿಗೆ ಏನನ್ನಾದರೂ ಓದಿ ಹೇಳುವುದು ಈ ಊರಿನಲ್ಲಿ ಎಷ್ಟು ಅಪರೂಪವೆಂದು ಇಲ್ಲಿಯ ತಾಯಂದಿರನ್ನು ಕೇಳಿ ನೋಡಿ.

ನಾನು ಕೇಳಿದೆ. ಕೇಳುತ್ತ ಕೇಳುತ್ತ ನನಗೆ ರೋಮನ್ನರ ಮೇಲೆ ಇದ್ದ ಗೌರವ ಹುರುಳಿಕಾಯಿಯ ನಾರಿನ ಜತೆ ಕಸದ ಬುಟ್ಟಿಗೆ ಹೋಯಿತು.

ತಿಂಗಳಿನ ಮೊದಲನೇ ದಿನಕ್ಕೆ ಅವರು ಕ್ಯಾಲೆಂಡ್ಸ್ ಎಂದು ಹೆಸರಿಟ್ಟರು. ಐದನೆಯ ದಿನಕ್ಕೆ ನೋನ್ಸ್. ಹದಿಮೂರನೆಯ ದಿನಕ್ಕೆ ಐಡ್ಸ್. ಮಾರ್ಚ್, ಮೇ, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಇವೆರಡು ಐದು, ಹದಿಮೂರು ಬಿಟ್ಟು ಏಳು, ಹದಿನೈದಕ್ಕೆ ಜರುಗುತ್ತವೆ. ಯಾಕೆ ಜರುಗುತ್ತವೆ ಎಂದು ಕೇಳಬೇಡಿ, ಜರುಗುತ್ತವೆ. ಅಷ್ಟೇ. ಹೆಸರು ಮುಗಿಯಿತು! ಮೂವತ್ತು ದಿನಕ್ಕೆ ಮೂರು ಹೆಸರು. ಅರ್ಧ ಪ್ರಪಂಚ ಗೆದ್ದವರಿಗೆ ನಾಲ್ಕನೆಯ ಹೆಸರು ಹೊಳೆಯಲಿಲ್ಲ. ನಮ್ಮ ಅಜ್ಜಿ ಮನೆಯ ಹಿತ್ತಲಿಗೆ ಬರುತ್ತಿದ್ದ ಹನ್ನೊಂದು ಬೆಕ್ಕುಗಳಿಗೂ ಬೇರೆ ಬೇರೆ ಹೆಸರಿಟ್ಟಿದ್ದರು.

ಮಿಕ್ಕ ದಿನಗಳ ಗತಿಯೇನು? ಅವುಗಳನ್ನು ಮುಂದೆ ಬರುವ ದೊಡ್ಡ ದಿನಕ್ಕೆ ಕಟ್ಟಿಹಾಕುವುದು. "ನೋನ್ಸಿಗೆ ನಾಲ್ಕು ದಿನ ಮೊದಲು", "ಐಡ್ಸಿಗೆ ಆರು ದಿನ ಮೊದಲು". ಐಡ್ಸ್ ಕಳೆದ ಮೇಲಂತೂ ಆ ತಿಂಗಳಿಗೆ ಮರ್ಯಾದೆಯೇ ಇಲ್ಲ. ಅಕ್ಟೋಬರ್ ಹದಿನಾರು ಬಂತೋ, ಅದು ಅಕ್ಟೋಬರಿನ ದಿನವಲ್ಲ, "ನವೆಂಬರಿನ ಕ್ಯಾಲೆಂಡ್ಸಿಗೆ ಹದಿನೇಳು ದಿನ ಮೊದಲು". ಇನ್ನೂ ಅರ್ಧ ತಿಂಗಳು ಬಾಕಿಯಿದೆ, ಆಗಲೇ ಗಂಟುಮೂಟೆ ಕಟ್ಟಿ ನವೆಂಬರಿನ ಬಾಗಿಲಲ್ಲಿ ನಿಂತಿದ್ದಾರೆ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಏಳುವ ಮೊದಲೇ ಹಿಂದೆ ಬಂದು ಕುರ್ಚಿ ಹಿಡಿದು ನಿಲ್ಲುವ ಜನರಿರುತ್ತಾರಲ್ಲ, ಹಾಗೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ ಒಂದು ದಿನ ಹೆಚ್ಚು ಬೇಕಾಯಿತು. ಅದಕ್ಕೊಂದು ಹೆಸರಿಡುವುದಕ್ಕೂ ಸೋಮಾರಿತನ ಅಡ್ಡ ಬಂದು, ಇಪ್ಪತ್ತನಾಲ್ಕನೆಯ ತಾರೀಖನ್ನೇ ಎರಡು ಸಲ ಮಾಡಿಬಿಟ್ಟರು. ಸಾರು ಸಾಲದೆ ಬಂದಾಗ ನಾನು ನೀರು ಬೆರೆಸುವುದುಂಟು. ಆದರೆ ಅದನ್ನು ಸಾಮ್ರಾಜ್ಯ ಎಂದು ಕರೆಯುವುದಿಲ್ಲ.

ಈ ಹೆಸರಿಲ್ಲದ ದಿನಗಳ ಮೇಲೆ ನನಗೇಕೆ ಇಷ್ಟು ಕರುಳು ಎಂದರೆ, ನಾನೇ ಅಂಥದೊಂದು ದಿನ. ಈ ಊರಿಗೆ ಬಂದು ಹದಿನಾಲ್ಕು ವರ್ಷವಾಯಿತು. ಶಾಲೆಯ ಪಟ್ಟಿಯಲ್ಲಿ, ಈಜಿನ ಗುಂಪಿನಲ್ಲಿ, ಪರಿಚಯದ ಅರ್ಧದಷ್ಟು ಹೆಂಗಸರ ಫೋನಿನಲ್ಲಿ ನಾನು "ಅನಘಾ ಮಾಮ್". ಇವರ ಆಫೀಸಿನ ಪಾರ್ಟಿಗಳಲ್ಲಿ ಇವರ ವೈಫು. ಅತ್ತೆಯ ಕಡೆಯವರಿಗೆ ಎರಡನೇ ಸೊಸೆ. ಕ್ಯಾಲೆಂಡ್ಸಿಗೆ ಎಷ್ಟು ದಿನ ಮೊದಲು ಎನ್ನುವ ಹಾಗೆಯೇ ನಾನು ಅನಘಾಳಿಗೆ ಎಷ್ಟು ಹತ್ತಿರ ಎಂಬುದರಿಂದಲೇ ನನ್ನ ಗುರುತು. ಇದನ್ನು ಇವರಿಗೆ ಹೇಳಿದಾಗ ನಕ್ಕರು. "ರೋಮನ್ನರ ಮೇಲೆ ಯಾಕೆ ಇಷ್ಟು ಸಿಟ್ಟು ಮಾರಾಯ್ತಿ? ಅವರೇನು ನಿನ್ನ ನಾದಿನಿಯರಾ?"

"ನಮ್ಮ ಕಡೆ ನೋಡ್ರೀ," ಎಂದೆ. "ಬಿದಿಗೆ, ತದಿಗೆ, ಚೌತಿ, ಪಂಚಮಿ. ಒಂದೊಂದು ದಿನಕ್ಕೂ ಅದರದೇ ಹೆಸರು, ಅದರದೇ ದೇವರು, ಅದರದೇ ಅಡುಗೆ."

"ಬಿದಿಗೆ ಅಂದ್ರೆ ಎರಡು, ತದಿಗೆ ಅಂದ್ರೆ ಮೂರು. ಅವು ಹೆಸರಲ್ಲ, ನಂಬರು," ಎಂದು ಹೇಳಿ ಮತ್ತೆ ಲ್ಯಾಪ್‌ಟಾಪಿಗೆ ತಿರುಗಿದರು. ಎಂಜಿನಿಯರನ್ನು ಮದುವೆಯಾದವರ ಯಾವ ವಾದವೂ ಎರಡನೇ ವಾಕ್ಯ ದಾಟುವುದಿಲ್ಲ. ಆದರೂ ನಮ್ಮವು ಮುಂದಕ್ಕೆ ನಡೆಯುತ್ತವೆ, ಅವರವು ಹಿಂದಕ್ಕೆ. ಅದನ್ನು ಮನಸ್ಸಿನಲ್ಲೇ ಹೇಳಿಕೊಂಡೆ.

ನನಗೆ ಹೆಚ್ಚು ಸಿಟ್ಟು ಬಂದದ್ದು ಸಿಸ್ಟರ್ ಬೆನಡಿಕ್ಟಾ ಅವರ ಮೇಲೆ. ಹಾಸನದ ಕಾನ್ವೆಂಟಿನಲ್ಲಿ ಅವರು ನಮಗೆ ಆರನೇ ತರಗತಿಗೆ ಇಂಗ್ಲಿಷ್ ಹೇಳಿಕೊಟ್ಟವರು. ಮಂಗಳೂರು ಕಡೆಯವರು. ಅವರು ಹತ್ತಿರ ಬಂದರೆ ಗಂಜಿ ಹಾಕಿದ ಬಟ್ಟೆಯ ಜತೆಗೆ ಕರ್ಪೂರದ ವಾಸನೆ. ರೋಮನ್ನು ಒಂದು ಸಲವೂ ಕಂಡವರಲ್ಲ, ಆದರೆ ತವರುಮನೆಯೆಂಬಂತೆ ಮಾತಾಡುತ್ತಿದ್ದರು. "ರೋಮಿನವರಿಗೆ ಒಂದು ಡಿಸಿಪ್ಲಿನ್ ಉಂಟು. ನೀವು ನೋಡಿ, ಎರಡು ರಿಬ್ಬನ್ ಸಮ ಕಟ್ಟಲಿಕ್ಕೆ ಬರುವುದಿಲ್ಲ." ಅವರ ತರಗತಿಯಲ್ಲಿ ನೋಟ್‌ಬುಕ್ಕಿನ ಬಲಮೂಲೆಯಲ್ಲಿ ತಾರೀಖು ಬರೆಯದಿದ್ದರೆ ಆ ಪುಟ ಬರೆದೇ ಇಲ್ಲವೆಂದು ಲೆಕ್ಕ. ಕೆಳಗೆ ಸ್ಕೇಲಿನಿಂದ ಗೆರೆ ಬೇರೆ. ಇವತ್ತಿಗೂ ನನಗೆ ಗ್ರೋಸರಿ ಪಟ್ಟಿಯ ಬಲಮೂಲೆಯಲ್ಲಿ ತಾರೀಖು ಬರೆಯದೆ ಕೊತ್ತಂಬರಿ ಸೊಪ್ಪು ಎಂದು ಬರೆಯಲು ಕೈ ಬರುವುದಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಹಿಂದಿನ ಬೆಂಚಿನ ನಾವು ಮೂವರು ಒಂದು ಕಳ್ಳ ಲೆಕ್ಕ ಇಟ್ಟಿದ್ದೆವು. ಕ್ರಿಸ್‌ಮಸ್ ರಜೆಗೆ ಇನ್ನು ಎಷ್ಟು ದಿನ ಎಂದು ದಿನವೂ ಬೆಂಚಿನ ಒಳಬದಿಯಲ್ಲಿ ಸೀಮೆಸುಣ್ಣದಿಂದ ಬರೆಯುವುದು. ಹದಿನೇಳು, ಹದಿನಾರು, ಹದಿನೈದು. ಒಂದು ದಿನ ಸಿಸ್ಟರ್ ಬಿದ್ದ ರಬ್ಬರ್ ಎತ್ತಲು ಬಗ್ಗಿದವರು ಅದನ್ನು ಕಂಡರು. ಹೊಡೆಯಲಿಲ್ಲ. "ಎಂಥದಿದು? ದೇವರು ಕೊಟ್ಟ ಇವತ್ತಿನ ದಿನ ನಿಮಗೆ ಬೇಡವಾ?" ಎಂದರು. ಆಮೇಲೆ ಅಂದಿನ ತಾರೀಖನ್ನು ನೂರು ಸಲ ಬರೆಸಿದರು. ನೂರು ಸಲಕ್ಕೂ ಗೆರೆ.

ಅಂಥವರು, ತಮ್ಮ ರೋಮ್ ಪೂರ್ತಿ ಆ ಹಿಂದಿನ ಬೆಂಚಿನ ಲೆಕ್ಕದ ಮೇಲೆಯೇ ನಡೆಯುತ್ತಿತ್ತೆಂದು ನಮಗೊಂದು ಮಾತು ಹೇಳಬಾರದಿತ್ತೇ? ಅವರಿಗೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ತವರಿನ ಮಾನ ಕಾಪಾಡಿದರೋ. ಮೂವತ್ತು ವರ್ಷ ಕಳೆದ ಮೇಲೆ ಹುರುಳಿಕಾಯಿ ಹೆಚ್ಚುತ್ತ ನನಗೆ ಮೋಸ ಹೋದ ಹಾಗಾಯಿತು. ಆ ನೂರು ಗೆರೆಯ ಸಿಟ್ಟೂ ಸೇರಿಕೊಂಡೇ ಗುರುವಾರ ಸಂಜೆ ನಾನು ಮಾಡಬಾರದ್ದನ್ನು ಮಾಡಿದೆ.

ಅನಘಾ ಈಜಿಗೆ ಹೋಗಿದ್ದಳು. ಬೋರ್ಡು ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ನಡುವಿನ ಮಡಿಕೆಯಲ್ಲಿ ತನ್ನ ತರಗತಿಯ ಇಪ್ಪತ್ತಾರು ಮಕ್ಕಳ ಹುಟ್ಟುಹಬ್ಬಗಳನ್ನೂ ಅವಳು ರೋಮನ್ ರೀತಿಯಲ್ಲಿ ಬರೆದಿದ್ದಳು. ಹೆಸರು, ನಮ್ಮ ತಾರೀಖು, ಅದರ ಪಕ್ಕದಲ್ಲಿ ರೋಮನ್ ದಿನ. ಮರುದಿನ ಕೊನೆಯ ಪೀರಿಯಡ್ಡಿನಲ್ಲಿ ಎಲ್ಲರೆದುರು ನಿಂತು ಅದನ್ನು ವಿವರಿಸಬೇಕು. ಸುಮ್ಮನೆ ಕಣ್ಣಾಡಿಸಿದೆ. ಅಕ್ಟೋಬರ್ ಮೂವತ್ತೊಂದು: ಕ್ಯಾಲೆಂಡ್ಸಿನ ಹಿಂದಿನ ದಿನ. ಸರಿ. ಅಕ್ಟೋಬರ್ ಮೂವತ್ತು: ಕ್ಯಾಲೆಂಡ್ಸಿಗೆ ಮೂರು ದಿನ ಮೊದಲು.

ಮೂರು? ಹಿಂದಿನ ದಿನ ಆದಮೇಲೆ ಎರಡು ದಿನ ಮೊದಲು ಬರಬೇಕಲ್ಲವೇ? ಎರಡು ಎಲ್ಲಿ ಹೋಯಿತು? ಬೇರೆ ಹುಟ್ಟುಹಬ್ಬಗಳನ್ನು ನೋಡಿದೆ. ಎಲ್ಲದರಲ್ಲೂ ಒಂದೊಂದು ಹೆಚ್ಚು. ಇಡೀ ಬೋರ್ಡಿನಲ್ಲಿ ಎರಡು ಎಂಬ ಅಂಕಿಯೇ ಇಲ್ಲ. ಅಯ್ಯೋ ಮಗುವೇ ಎನಿಸಿತು. ಎರಡು ವಾರ ಕಷ್ಟಪಟ್ಟು ಮೊದಲ ಮೆಟ್ಟಿಲಲ್ಲೇ ಎಡವಿದ್ದಾಳೆ. ನಾಳೆ ಎಲ್ಲರೆದುರು ನಿಂತಾಗ ಯಾರಾದರೂ ನಕ್ಕರೆ, ಇನ್ನು ಈ ಹುಡುಗಿ ಜನ್ಮದಲ್ಲಿ ಕೈ ಎತ್ತುವುದಿಲ್ಲ. ಕೇಳೋಣವೆಂದರೆ ಅವಳು ಬರುವ ಹೊತ್ತಿಗೆ ಸುಸ್ತಾಗಿರುತ್ತಾಳೆ, ತಿದ್ದು ಎಂದರೆ ಅಳುತ್ತಾಳೆ. ಹೀಗೆ ಒಳ್ಳೆಯ ಕಾರಣಗಳು ಒಂದರ ಹಿಂದೊಂದು ಬಂದವು. ತಪ್ಪು ಮಾಡುವ ಮುಂಚೆ ನನಗೆ ಯಾವತ್ತೂ ಕಾರಣಗಳ ಕೊರತೆಯಾದದ್ದಿಲ್ಲ.

ಬಿಳಿ ಕಾಗದವನ್ನು ಸಣ್ಣ ಸಣ್ಣ ಚೌಕ ಕತ್ತರಿಸಿದೆ. ಪ್ರತಿ ಅಂಕಿಯಿಂದ ಒಂದನ್ನು ಕಳೆದೆ. ಅವಳದೇ ನೀಲಿ ಮಾರ್ಕರಿನಿಂದ, ಆರನೇ ತರಗತಿಯ ಬಾಗಿಲಿನ ಮೇಲೆ ನಾನೇ ಬರೆದು ಹೊಗಳಿಸಿಕೊಂಡಿದ್ದ ದುಂಡಗಿನ ರೋಮನ್ ಅಂಕಿಗಳನ್ನು ಬರೆದು, ಹಳೆಯದರ ಮೇಲೆ ಅಂಟಿಸಿದೆ. ಅಂಕಿಯಿದ್ದ ದಿನಗಳು ಹತ್ತೊಂಬತ್ತು, ಹತ್ತೊಂಬತ್ತು ಚೀಟಿ. ಒಂದೂ ಓರೆಯಾಗಿರಲಿಲ್ಲ. ಗೋಂದು ಒಣಗಿದ ಮೇಲೆ ಬೋರ್ಡು ಮಡಿಸಿ ನಾನೇ ಕಸದ ಚೀಲ ತೊಡಿಸಿದೆ. ಅನಘಾ ಒದ್ದೆ ಕೂದಲಿನಲ್ಲಿ ಬಂದವಳು, "ಪ್ಯಾಕ್ ಮಾಡಿದ್ಯಾ? ಥ್ಯಾಂಕ್ಸ್ ಅಮ್ಮ!" ಎಂದಳು. ಅವಳು ಥ್ಯಾಂಕ್ಸ್ ಹೇಳಿದ್ದು ಚೀಲಕ್ಕೆ. ನಾನು ಇಟ್ಟುಕೊಂಡದ್ದು ಎಲ್ಲಕ್ಕೂ ಸೇರಿಸಿ.

ಶುಕ್ರವಾರ ಅವಳನ್ನು ಶಾಲೆಗೆ ಬಿಟ್ಟು ಬಂದು, ಆರಿದ ಕಾಫಿ ಬಿಸಿ ಮಾಡುತ್ತಿದ್ದಾಗ ಅಕ್ಕನ ಫೋನು ಬಂತು. ನಮಗೆ ತಿಂಡಿಯ ಹೊತ್ತು, ಅವಳಿಗೆ ಊಟ ಮುಗಿದ ಹೊತ್ತು. ಹೋದ ಭಾನುವಾರ ಅವಳ ಸೊಸೆಗೆ ಹೆಣ್ಣುಮಗು ಹುಟ್ಟಿತ್ತು.

"ನಾಮಕರಣ ಹನ್ನೊಂದನೇ ದಿನಕ್ಕೇ ಇಟ್ಕೊಂಡಿದೀವಿ ಕಣೇ. ನೀನು ವಿಡಿಯೋದಲ್ಲಿ ಕೂತ್ಕೋಬೇಕು. ಸೀರೆ ಉಟ್ಕೊಂಡು ಕೂತ್ಕೋ, ಆ ನೈಟಿ ಬೇಡ."

"ಹಾಗಾದ್ರೆ ಮುಂದಿನ ಗುರುವಾರ," ಎಂದೆ.

"ಗುರುವಾರ ಯಾಕೆ? ಬುಧವಾರ."

"ಭಾನುವಾರಕ್ಕೆ ಹನ್ನೊಂದು ಕೂಡಿಸಿದ್ರೆ ಗುರುವಾರ ಬರುತ್ತೆ ಅಕ್ಕ."

"ಕೂಡಿಸೋದ್ಯಾಕೆ? ಬೆರಳು ಮಡಿಸೇ. ಭಾನುವಾರ ಒಂದು, ಸೋಮವಾರ ಎರಡು..."

"ಭಾನುವಾರ ಹೇಗೆ ಒಂದಾಗುತ್ತೆ? ಸೋಮವಾರಕ್ಕೆ ತಾನೇ ಒಂದು ದಿನ ಆಗೋದು?"

"ಹುಟ್ಟಿದ ದಿನ ಎಲ್ಲಿ ಹೋಯ್ತೇ? ಅವತ್ತು ಮಗು ಇರಲಿಲ್ವಾ? ನಮ್ಮ ಹುಡುಗಿ ಅಷ್ಟು ಒದ್ದಾಡಿ ಹೆತ್ತಿದ್ದು ನಿನ್ನ ಲೆಕ್ಕದಲ್ಲಿ ಸೊನ್ನೇನಾ? ಅಜ್ಜಿ ಹನ್ನೊಂದಕ್ಕೂ ಹಾಗೇ ಎಣಿಸ್ತಿದ್ರು, ಹದಿಮೂರಕ್ಕೂ ಹಾಗೇ ಎಣಿಸ್ತಿದ್ರು. ಇದನ್ನೂ ನಿನ್ನ ಕಾನ್ವೆಂಟಲ್ಲಿ ಹೇಳಿಕೊಡಲಿಲ್ವಾ?" ಅಕ್ಕ ಸರ್ಕಾರಿ ಶಾಲೆಯಲ್ಲಿ ಓದಿದವಳು. ನನಗೆ ಕಾನ್ವೆಂಟು, ಅವಳಿಗೆ ಇಲ್ಲ ಎಂಬುದಕ್ಕೆ ಅವಳು ನಮ್ಮಪ್ಪನನ್ನು ಕ್ಷಮಿಸಿದ್ದಾಳೆ, ನನ್ನನ್ನಲ್ಲ.

ನಾನು ಬೆರಳು ಮಡಿಸಿದೆ. ಬುಧವಾರವೇ ಬಂತು. ಫೋನು ಹಿಡಿದುಕೊಂಡೇ ಇನ್ನೊಂದು ಕೈಯ ಬೆರಳುಗಳತ್ತ ನೋಡಿದೆ. ನವೆಂಬರ್ ಒಂದು, ಅದು ಕ್ಯಾಲೆಂಡ್ಸ್, ಒಂದನೇ ಬೆರಳು. ಅಕ್ಟೋಬರ್ ಮೂವತ್ತೊಂದು, ಎರಡನೇ ಬೆರಳು, ಅದಕ್ಕೆ ಅವರು ಹಿಂದಿನ ದಿನ ಎಂದೇ ಹೇಳಿಬಿಟ್ಟಿದ್ದರಿಂದ ಎರಡು ಎನ್ನುವ ಅಗತ್ಯವೇ ಇಲ್ಲ. ಅಕ್ಟೋಬರ್ ಮೂವತ್ತು, ಮೂರನೇ ಬೆರಳು.

ಮೂರು. ಮಗು ಬರೆದದ್ದು ಮೂರು. ಆ ದರಿದ್ರ ರೋಮನ್ನರು ನಮ್ಮಜ್ಜಿಯ ಹಾಗೆ ಬೆರಳು ಮಡಿಸುತ್ತಿದ್ದರು! ಎರಡನ್ನು ನುಂಗಿದವರು ಅವರೇ, ಅನಘಾ ಅಲ್ಲ. ನಾನು ಹತ್ತೊಂಬತ್ತು ಸರಿಯಾದ ಉತ್ತರಗಳ ಮೇಲೆ ಹತ್ತೊಂಬತ್ತು ತಪ್ಪುಗಳನ್ನು ಸ್ವಲ್ಪವೂ ಓರೆಯಾಗದಂತೆ ಅಂಟಿಸಿದ್ದೆ.

"ಏನಾಯ್ತೇ? ಇದೀಯಾ?" ಎಂದು ಅಕ್ಕ ಕೂಗುತ್ತಿದ್ದಳು.

"ಆಮೇಲೆ ಮಾಡ್ತೀನಿ ಅಕ್ಕ. ಒಂದು ಲೆಕ್ಕ ತಪ್ಪಿದೆ."

"ಸದ್ಯ, ಒಪ್ಕೊಂಡ್ಯಲ್ಲ," ಎಂದು ಅವಳು ಸಂತೋಷದಿಂದ ಫೋನಿಟ್ಟಳು.

ಉಟ್ಟ ಬಟ್ಟೆಯಲ್ಲೇ ಕಾರು ತೆಗೆದೆ. ಶಾಲೆಗೆ ಹನ್ನೆರಡು ನಿಮಿಷದ ದಾರಿ, ನಾಲ್ಕು ಸಿಗ್ನಲ್ಲು. ಪ್ರತಿ ಸಿಗ್ನಲ್ಲಿನಲ್ಲೂ ಅವಳು ಆ ಬೋರ್ಡಿನ ಮುಂದೆ ನಿಂತಿರುವುದು ಕಂಡಿತು. ತಪ್ಪು ಅಂಕಿ ಹೋಗಲಿ. ಆ ದುಂಡಗಿನ ಅಕ್ಷರ ಯಾರದೆಂದು ನೋಡಿದ ತಕ್ಷಣ ಅವಳಿಗೆ ತಿಳಿಯುತ್ತದಲ್ಲ. ಕೇಳಬೇಕು, ಮುಟ್ಟಬಾರದು ಎಂದು ಒಂದೇ ಒಂದು ಷರತ್ತಿನ ಮೇಲೆ ಅವಳು ನನ್ನನ್ನು ಒಳಗೆ ಬಿಟ್ಟುಕೊಂಡಿದ್ದಳು. ನಾಳೆಯಿಂದ ಸಂಜೆ ಅವಳು ಕೋಣೆಯ ಬಾಗಿಲು ಹಾಕಿಕೊಂಡರೆ ನಾನು ಯಾವ ಮುಖ ಇಟ್ಟುಕೊಂಡು ತಟ್ಟಲಿ?

ಶಾಲೆಯ ಆಫೀಸಿನಲ್ಲಿ ಮಣಿಸರದ ಕನ್ನಡಕ ತೊಟ್ಟ ಹೆಂಗಸು ಕೂತಿದ್ದರು. ಅವರ ಹಿಂದೆ ಒಂದು ಶೆಲ್ಫು, ಅದರ ಮೇಲೆ ಅಂದು ಬೆಳಿಗ್ಗೆ ಮಕ್ಕಳು ಮರೆತದ್ದೆಲ್ಲ ಸಾಲಾಗಿ. ಊಟದ ಚೀಲಗಳು, ಒಂದು ಪಿಟೀಲು, ಒಂದೇ ಒಂದು ಶೂ. ಮಗಳನ್ನು ಎರಡು ನಿಮಿಷ ನೋಡಬೇಕಿತ್ತು ಎಂದೆ.

"ಈಸ್ ಇಟ್ ಆನ್ ಎಮರ್ಜೆನ್ಸಿ?" ಎಂದು ಅವರು ಬಹಳ ಮೃದುವಾಗಿ ಕೇಳಿದರು.

ಹೌದೆನ್ನಲು ಬಾಯಿ ತೆರೆದೆ. ಆದರೆ ಆಮೇಲೆ ಏನು ಹೇಳುವುದು? ನೋಡಿ, ಪ್ರಾಚೀನ ರೋಮಿನಲ್ಲಿ ಕ್ಯಾಲೆಂಡ್ಸನ್ನೂ ಸೇರಿಸಿ ಎಣಿಸುತ್ತಾರೆಂದು ನನಗೆ ಈಗ ತಾನೇ ಮೈಸೂರಿನಿಂದ ಫೋನು ಬಂತು ಎನ್ನಲೇ? "ನೋ" ಎಂದೆ. ಕಾನ್ವೆಂಟಿನ ಹುಡುಗಿಯರಿಗೆ ಸುಳ್ಳು ಹೇಳಲು ಬರುತ್ತದೆ, ಯಾರಾದರೂ ಮೃದುವಾಗಿ ಕೇಳಿದರೆ ಮಾತ್ರ ಬರುವುದಿಲ್ಲ.

ಹಾಗಾದರೆ ಚೀಟಿ ಬರೆದಿಡಿ, ಶೆಲ್ಫಿನಲ್ಲಿಡುತ್ತೇನೆ, ಊಟದ ಹೊತ್ತಿಗೆ ಅವಳು ಬಂದರೆ ಸಿಗುತ್ತದೆ ಎಂದರು. ತನಗೆ ಚೀಟಿ ಬಂದಿದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು ಎಂದೆ. ಬಾಗಿಲಿಗೆ ಹೆಸರುಗಳ ಪಟ್ಟಿ ಹಾಕುತ್ತೇವಲ್ಲ ಎಂದರು. ಆ ಪಟ್ಟಿಯನ್ನು ಓದುವ ಅಭ್ಯಾಸವಿರುವ ಮಕ್ಕಳು ಒಂದು ಶೂ ಬಿಟ್ಟು ಓಡಾಡುತ್ತಿರಲಿಲ್ಲ. ಪರ್ಸಿನಲ್ಲಿದ್ದ ಗ್ರೋಸರಿ ಪಟ್ಟಿಯ ಕೆಳಗೇ ಇಂಗ್ಲಿಷಿನಲ್ಲಿ ಬರೆದೆ: ನಿನ್ನ ಅಂಕಿಗಳೇ ಸರಿ. ನಾನು ಮೇಲೆ ಚೀಟಿ ಅಂಟಿಸಿದ್ದೇನೆ. ಕಿತ್ತುಬಿಡು. ತಪ್ಪಾಯಿತು. ಅಮ್ಮ. ಆ ಹೆಂಗಸು ಅದನ್ನು ನಾಲ್ಕಾಗಿ ಮಡಿಸಿ ಶೂವಿನ ಪಕ್ಕದಲ್ಲಿಟ್ಟರು.

ಮಧ್ಯಾಹ್ನ ಅವಳನ್ನು ಕರೆತರಲು ಹೋದಾಗ ಚೀಟಿ ಸಿಕ್ಕಿಲ್ಲವೆಂದು ದೂರದಿಂದಲೇ ತಿಳಿಯಿತು. ಅವಳು ಬೋರ್ಡಿಗೆ ಚೀಲ ಹಾಕಿರಲಿಲ್ಲ. ಹಿಂದಿನ ಸೀಟಿನಲ್ಲಿ ಅದನ್ನು ಮಲಗಿಸಿ, ಮುಂದೆ ಬಂದು ಕೂರದೆ ಅದರ ಪಕ್ಕದಲ್ಲೇ ಕೂತಳು. ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕೇಳಿದಳು.

"ಅಮ್ಮ, ಡಿಡ್ ಯು ಚೇಂಜ್ ಮೈ ನಂಬರ್ಸ್?"

"ಹೂಂ."

"ವೈ?"

"ತಪ್ಪಾಗಿದೆ ಅಂದ್ಕೊಂಡೆ ಪುಟ್ಟ. ಎರಡು ಇರಲಿಲ್ಲ."

"ದೇರ್ ಈಸ್ ನೋ ಟೂ! ನಿಂಗೆ ಹೇಳಿದ್ದೆ ಅಲ್ವಾ? ಬೀನ್ಸ್ ಕಟ್ ಮಾಡ್ತಿದ್ದೆ ನೀನು, ಆವಾಗ ಹೇಳಿದ್ದೆ. ಯು ಸೆಡ್ ಹೂಂ."

ಹೇಳಿದ್ದಳೇನೋ. ಆ ಹೊತ್ತಿನಲ್ಲಿ ನಾನು ಹಾಸನದಲ್ಲಿ ಸಿಸ್ಟರ್ ಬೆನಡಿಕ್ಟಾ ಜತೆ ಜಗಳವಾಡುತ್ತಿದ್ದೆ. ಕೇಳಬೇಕು ಎಂಬ ಷರತ್ತನ್ನೂ ಮುರಿದಿದ್ದೆ ಎಂದಾಯಿತು.

ನಡೆದದ್ದು ಇಷ್ಟು. ಎಲ್ಲರೆದುರು ನಿಂತು ಚೆನ್ನಾಗಿಯೇ ಶುರು ಮಾಡಿದ್ದಾಳೆ. ಲೂಕಸ್ ಎಂಬ ಹುಡುಗ ತನ್ನ ಹುಟ್ಟುಹಬ್ಬ ಎಣಿಸಿ ತೋರಿಸು ಎಂದಿದ್ದಾನೆ. ಅಕ್ಟೋಬರ್ ಮೂವತ್ತು. ಅವಳು ಬೆರಳೆತ್ತಿ ಒಂದು, ಎರಡು, ಮೂರು ಎಂದು ಎಣಿಸಿ, ತಿರುಗಿ ಬೋರ್ಡು ತೋರಿಸಿದ್ದಾಳೆ. ಅಲ್ಲಿ ಎರಡು. ಯಾರೋ "ಬೋರ್ಡ್ ಈಸ್ ರಾಂಗ್" ಎಂದಿದ್ದಾರೆ. ಒಂದಿಬ್ಬರು ನಕ್ಕಿದ್ದಾರೆ.

"ಆಮೇಲೆ ನೀನೇನು ಹೇಳಿದೆ?"

"ಐ ಸೆಡ್ ಐ ಮೇಡ್ ಎ ಮಿಸ್ಟೇಕ್."

"ಅಮ್ಮ ಮಾಡಿದ್ದು ಅಂತ ಹೇಳಬಹುದಿತ್ತಲ್ಲೇ."

"ನೋ! ದೆನ್ ಎವ್ರಿಬಡಿ ವಿಲ್ ಥಿಂಕ್ ನನ್ನ ಪ್ರಾಜೆಕ್ಟ್ ನೀನು ಮಾಡ್ತೀಯ ಅಂತ. ದಟ್ಸ್ ವರ್ಸ್!"

ತಾಯಿಯನ್ನು ಕಾಪಾಡಿದಳೆಂದು ಕರಗಲು ಸಿದ್ಧವಾಗಿದ್ದೆ. ಅವಳು ಕಾಪಾಡಿಕೊಂಡದ್ದು ತನ್ನನ್ನು. ನನ್ನ ಕೈಬರಹ ಬೋರ್ಡಿನ ಮೇಲಿರುವುದಕ್ಕಿಂತ ತಾನು ದಡ್ಡಿಯೆನಿಸಿಕೊಳ್ಳುವುದೇ ವಾಸಿ ಎಂದು ಎರಡು ಸೆಕೆಂಡಿನಲ್ಲಿ ತೀರ್ಮಾನ ಮಾಡಿದ್ದಳು. ಟೀಚರು, ಸೋಮವಾರ ತಿದ್ದಿಕೊಂಡು ಬಾ, ಇನ್ನೊಂದು ಸಲ ಹೇಳುವೆಯಂತೆ ಎಂದಿದ್ದರು. ಆ ಟೀಚರಿಗೆ ದೇವರು ಒಳ್ಳೆಯದು ಮಾಡಲಿ.

ಮನೆಗೆ ಬಂದವಳೇ ಬೋರ್ಡನ್ನು ಮೇಜಿನ ಮೇಲೆ ಹರಡಿ, ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು ಒಂದೊಂದೇ ಚೀಟಿ ಕೀಳತೊಡಗಿದಳು. ನಾನು ಹತ್ತಿರ ಬರಕೂಡದು. ಅಡುಗೆಕಟ್ಟೆಯ ಈಚೆ ನಿಲ್ಲಬಹುದು, ಅಲ್ಲಿಂದ ಬೈಸಿಕೊಳ್ಳಬಹುದು. ನನ್ನ ಗೋಂದು ಕೂಡ ನನ್ನ ಹಾಗೆ, ಬೇಡವೆಂದಲ್ಲಿ ಬಲವಾಗಿ ಹಿಡಿಯುವಂಥದು. ಕೆಲವು ಚೀಟಿಗಳ ಜತೆ ಅವಳ ಅಂಕಿಯೂ ಎದ್ದು ಬಂತು. ಒಂದೊಂದು ಎದ್ದಾಗಲೂ ಹೊಸ ಬೈಗುಳ. ಯಾಕೆ ಕೇಳಲಿಲ್ಲ? ಯಾಕೆ ಎಲ್ಲದಕ್ಕೂ ಕೈ ಹಾಕುತ್ತೀಯ? ಹೋದ ವರ್ಷ ನನ್ನ ಕೂದಲು ಕತ್ತರಿಸಿದಾಗಲೂ ಹೀಗೇ ಅಲ್ಲವೇ? ಯು ಥಿಂಕ್ ಐ ಯಾಮ್ ಎ ಬೇಬಿ! ಇಂಗ್ಲಿಷಿನಲ್ಲಿ ಶುರುವಾದದ್ದು ಸಿಟ್ಟು ಏರಿದ ಹಾಗೆ ಕನ್ನಡಕ್ಕೆ ಇಳಿಯಿತು. ಅವಳಿಗೆ ಇಷ್ಟು ಕನ್ನಡ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ನಿಂಗೆ ಸ್ವಲ್ಪನೂ ಬುದ್ಧಿ ಇಲ್ಲ" ಎಂದಳು. ಬೇರೆ ದಿನವಾಗಿದ್ದರೆ ಹಾಗೆನ್ನಬಾರದು ಎಂದು ತಿದ್ದುತ್ತಿದ್ದೆ. ಅಂದು ಏನನ್ನೂ ತಿದ್ದುವ ಯೋಗ್ಯತೆ ಇರಲಿಲ್ಲ.

ಇಷ್ಟಕ್ಕೆಲ್ಲ ಯಾರು ಕಾರಣ ಎಂದು ನೀವೇ ಹೇಳಿ. ತಿಂಗಳಿಗೆ ಮೂವತ್ತು ಹೆಸರಿಡಲಾಗದ, ನೆಟ್ಟಗೆ ಮುಂದಕ್ಕೆ ಎಣಿಸಲಾಗದ ಆ ಸೋಮಾರಿ ಜನ. ಅವರ ಸಾಮ್ರಾಜ್ಯ ಮುಳುಗಿತೆಂದು ಪುಸ್ತಕಗಳಲ್ಲಿ ಬಹಳ ಮರುಗುತ್ತಾರೆ. ನನಗೆ ಆಶ್ಚರ್ಯವಾಗುವುದು ಅದು ಇಷ್ಟು ದಿನ ತೇಲಿದ್ದಕ್ಕೆ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಅವರ ಬೋರ್ಡಿನ ಮೇಲೆ ಅವರ ಅಮ್ಮಂದಿರು ಚೀಟಿ ಅಂಟಿಸಿರಲಿಲ್ಲ.

ಸಂಜೆಯಾಯಿತು. ಆರು ಗಂಟೆಯಾದರೂ ಒಳಗಿನ ಬೈಗುಳ ನಿಂತಿರಲಿಲ್ಲ. ಬೀದಿಯಲ್ಲಿದ್ದ ಕಸದ ಬಿನ್ನುಗಳನ್ನು ಒಳಗೆಳೆಯುವ ನೆಪದಲ್ಲಿ ನಾನು ಹೊರಗೆ ಬಂದೆ. ಪಕ್ಕದ ಮನೆಯ ಶೈಲಜಾ ಆಗ ತಾನೇ ಆಫೀಸಿನಿಂದ ಬಂದು ಅವರ ಬಿನ್ನು ಎಳೆಯುತ್ತಿದ್ದರು. ಮಂಡ್ಯದವರು, ನನಗಿಂತ ಆರೇಳು ವರ್ಷ ದೊಡ್ಡವರು. ಹಗಲೆಲ್ಲ ಮೀಟಿಂಗಿನ ಇಂಗ್ಲಿಷು, ಶೂ ಬಿಚ್ಚಿ ಚಪ್ಪಲಿ ಮೆಟ್ಟಿದ ಮೇಲೆ ಮಂಡ್ಯ. ಅವರ ಮಗಳು ನಿಧಿಗೆ ಹದಿನೇಳು, ಹೈಸ್ಕೂಲಿನ ಕೊನೆಯ ವರ್ಷ. ಎದುರು ಸಿಕ್ಕರೆ ನನಗೂ ಬಹಳ ಮರ್ಯಾದೆಯಿಂದ ನಮಸ್ತೆ ಆಂಟಿ ಎನ್ನುವ ಹುಡುಗಿ.

ಕಿಟಕಿ ತೆರೆದಿತ್ತು. ಅನಘಾಳ ಗಂಟಲು ಬೀದಿಯವರೆಗೆ ಕೇಳುತ್ತಿತ್ತು.

"ಏನ್ರೀ ಅದು, ಅನಘಾ ಇಷ್ಟು ಜೋರಾಗವ್ಳೆ?"

ಹೇಳಿದೆ. ಕ್ಯಾಲೆಂಡ್ಸು, ಎರಡು, ಮೂರು, ಹತ್ತೊಂಬತ್ತು ಚೀಟಿ, ಎಲ್ಲವನ್ನೂ. ನನ್ನನ್ನು ನಾನೇ ಬೈದುಕೊಂಡು ಹೇಳಿದೆ. ನಾಲ್ಕು ಗಂಟೆಯಿಂದ ಬಯ್ತಾನೇ ಇದ್ದಾಳೆ, ಮಾನ ಹೋಯಿತು, ಬೀದಿಗೆಲ್ಲ ಕೇಳಿಸ್ತಿದೆ ಎಂದೆ. ಶೈಲಜಾ ಬಿನ್ನಿಗೆ ಒರಗಿ ಜೋರಾಗಿ ನಕ್ಕರು. ಆಮೇಲೆ ಅದರ ಚಕ್ರಕ್ಕೆ ಸಿಕ್ಕಿಕೊಂಡಿದ್ದ ಒಣ ಎಲೆಯನ್ನು ಕಾಲಿನಿಂದ ಸರಿಸುತ್ತ, ತರಕಾರಿ ರೇಟು ಹೇಳುವಷ್ಟು ಸಲೀಸಾಗಿ ಹೇಳಿದರು:

"ನಮ್ ನಿಧಿ ಏಳನೇ ಕ್ಲಾಸಲ್ಲಿದ್ದಾಗ ಅವಳದೊಂದು ಎಸ್ಸೇನ ಹಿಂಗೇ ತಿದ್ದಿ ಕಳಿಸ್ಬುಟ್ಟಿದ್ದೆ ಕನ್ರೀ. ಒಂದು ಮಾತು ಬಯ್ಯಲಿಲ್ಲ ಅವಳು, ಆಮೇಲಿಂದ ನಂಗೇನೂ ತೋರ್ಸೋದೂ ಇಲ್ಲ. ಈಗ ಕಾಲೇಜಿಗೆ ಅಪ್ಲೈ ಮಾಡ್ತಾವ್ಳೆ, ಯಾವ ಕಾಲೇಜು ಅಂತ ಅವರಪ್ಪನ್ನ ಕೇಳಿ ತಿಳ್ಕೊಂಡೆ. ಬಯ್ಲಿ ಬುಡಿ."